ಬೇಡ ಅಂದವರು ಯಾರು

ಕೋಟ್ಟಯಂ ಕಡೆಯ ಗುಡ್ಡದ ಆಸ್ಪತ್ರೆಯ ಡಯಾಲಿಸಿಸ್ ಕೋಣೆಯಲ್ಲಿ ಹಾಳೆ ತುಂಬುವುದಕ್ಕೆ ಒಂದು ಪದ್ಧತಿಯಿತ್ತು. ಪ್ರತಿ ರೋಗಿಯ ಹೆಸರಿನ ಮುಂದೆ ಚಿಕಿತ್ಸೆ, ಔಷಧಿ, ಊಟಕ್ಕೆ ಒಂದೊಂದು ಚೌಕ. ಕೊಟ್ಟಾಗಿದ್ದರೆ ಚೌಕದಲ್ಲೊಂದು ಗೀಟು, ಆಗದಿದ್ದರೆ ಇಂಗ್ಲಿಷಿನ ಒಂದು ಅಕ್ಷರ. ಯಾವ ಅಕ್ಷರಕ್ಕೆ ಏನರ್ಥ ಅಂತ ಹಾಳೆಯ ಬುಡದಲ್ಲೇ ಅಚ್ಚಾಗಿತ್ತು. ಆರ್ ಅಂದರೆ ರೆಫ್ಯೂಸ್ಡ್, ರೋಗಿಯೇ ಬೇಡ ಅಂದ. ಎನ್ ಅಂದರೆ ನಾಟ್ ಅವೈಲೆಬಲ್, ಕೊಡಬೇಕಾದದ್ದೇ ಆಸ್ಪತ್ರೆಯಲ್ಲಿ ಇರಲಿಲ್ಲ. ಆರ್ ಬರೆದರೆ ಕೆಲಸ ಅಲ್ಲಿಗೆ ಮುಗಿಯಿತು. ಎನ್ ಬರೆದರೋ, ಮೂರು ಪುಟದ ಕಾರಣಪತ್ರ ತುಂಬಬೇಕು, ಮಧ್ಯಾಹ್ನದೊಳಗೆ ಸೂಪರಿಂಟೆಂಡೆಂಟ್ ಮೇರಿಕ್ಕುಟ್ಟಿ ಮೇಡಂ ಅವರ ಕೋಣೆಯಲ್ಲಿ ಕೈಕಟ್ಟಿ ನಿಲ್ಲಬೇಕು, ಬೈಗುಳ ತಿಂದು ಬರಬೇಕು. ಹೀಗಾಗಿ ಹಳಬರು ಹೊಸ ನರ್ಸುಗಳಿಗೆ ಮೊದಲ ದಿನವೇ ಹೇಳಿಕೊಡುತ್ತಿದ್ದ ಪಾಠ ಒಂದೇ: "ಎಡೀ ಹುಡುಗಿ, ಆರ್ ಹಾಕು, ಆರಾಮಾಗಿರು."

ಔಷಧಿ ತೀರಿತ್ತೆ, ಆರ್. ರೋಗಿಗೆ ನಿದ್ದೆ ಹತ್ತಿತ್ತೆ, ಆರ್. ಒಮ್ಮೆ ಅಡುಗೆಮನೆಯಿಂದ ಗಂಜಿಯೇ ಬರಲಿಲ್ಲ. ಎಂಟು ಮಂದಿ ರೋಗಿಗಳು ಒಕ್ಕೊರಲಿನಿಂದ ಗಂಜಿ ಬೇಡ ಅಂದರೆಂದು ದಾಖಲಾಯಿತು. ಆ ಕಥೆ ಹೇಳಿಕೊಂಡು ನರ್ಸುಗಳೆಲ್ಲ ವಾರವಿಡೀ ನಕ್ಕಿದ್ದರು. ಬಿನ್ಸಿಯೂ ನಕ್ಕಿದ್ದಳು. ಏಳು ವರ್ಷದ ಹಳಬಳು ಅವಳು. ಎನ್ ಅನ್ನುವ ಅಕ್ಷರವನ್ನು ಕೊನೆಯ ಸಲ ಯಾವಾಗ ಬರೆದಿದ್ದೆ ಎಂದು ಕೇಳಿದ್ದರೆ ನೆನಪಿಸಿಕೊಂಡು ಹೇಳಲು ಅವಳಿಗೆ ಆಗುತ್ತಿರಲಿಲ್ಲ.

ನಗು ನಿಂತದ್ದು ಆ ಮಂಗಳವಾರ ಬೆಳಿಗ್ಗೆ, ವೇಲಾಯುಧನ್ ಚೇಟ್ಟನ್ ಕಿಸೆಯಿಂದ ಒಂದು ಕಾಗದ ತೆಗೆದು ಅವಳ ಕೈಗಿತ್ತಾಗ.

ಎಲ್ಲರ ಬಾಯಲ್ಲೂ ಚೇಟ್ಟನ್, ಅಂದರೆ ಅಣ್ಣ, ಆಗಿದ್ದ ವೇಲಾಯುಧನ್ ನಲವತ್ತು ವರ್ಷ ರಬ್ಬರ್ ಮರಕ್ಕೆ ಗೀರಿ ಹಾಲು ಇಳಿಸಿದವರು. ಮೂತ್ರಪಿಂಡ ಕೈಕೊಟ್ಟ ಮೇಲೆ ಮಂಗಳವಾರ, ಶುಕ್ರವಾರ ಮೊದಲ ಬಸ್ಸಿಗೆ ಹನ್ನೊಂದು ಮೈಲಿ ದೂರದಿಂದ ಬಂದು, ಲುಂಗಿ ಸರಿಪಡಿಸಿಕೊಂಡು, ಎರಡನೇ ಮಂಚದ ಮೇಲೆ ಎಡಗೈ ಚಾಚಿ ಮಲಗುವವರು. "ಮರಕ್ಕೆ ನಾನು ಗೀರಿದೆ, ಈಗ ನನಗೆ ನೀನು ಗೀರ್ತೀಯ ಮೋಳೇ. ಹಾಲಿನ ಬಣ್ಣ ಮಾತ್ರ ಬೇರೆ," ಎಂದು ಸೂಜಿ ಹಾಕುವಾಗಲೆಲ್ಲ, ಮಗಳನ್ನು ಕರೆದ ಹಾಗೆ ಕರೆದು, ಹೇಳುವರು. ಎರಡು ವರ್ಷದಿಂದ ಅದೇ ಮಾತು, ಎರಡು ವರ್ಷದಿಂದ ಅವಳು ಅದಕ್ಕೆ ನಗುವವಳು. ಅವರ ಚಿಕಿತ್ಸೆಗೆ ಖರ್ಚು ಕೊಡುತ್ತಿದ್ದದ್ದು ಪೇಟೆಯ ವರ್ತಕರ ಸಹಾಯ ಸಮಿತಿ. ಆ ಸಮಿತಿಯ ಉಚಿತ ಪಟ್ಟಿಯಲ್ಲಿ ನಾಲ್ಕೇ ಜಾಗ, ಕಾಯುವವರು ಮೂವತ್ತೆರಡು. ವೇಲಾಯುಧನ್ ಇರುವ ಪಾಳಿಯಲ್ಲಂತೂ ಉಚಿತದವರು ಅವರೊಬ್ಬರೇ.

"ಇಂಗ್ಲಿಷಿನಲ್ಲಿದೆ," ಅಂದರು ಅವರು. "ಕೆಳಗಿನ ಸಹಿ ನಮ್ಮ ಔಸೇಪ್ಪಚ್ಚನ್ ಮುದಲಾಳಿದು, ಅದು ಗೊತ್ತಾಗುತ್ತೆ, ಅವರ ಜವಳಿ ಅಂಗಡಿ ಚೀಟೀಲಿ ನೋಡಿದೀನಿ. ಏನಂತೆ ಹೇಳು. ಓಣಂ ಹಬ್ಬಕ್ಕೆ ಅಕ್ಕಿ ಗಿಕ್ಕಿ ಕೊಡ್ತಾರಾ?"

ಬಿನ್ಸಿ ಓದಿದಳು. ಮತ್ತೊಮ್ಮೆ ಓದಿದಳು. ಸದರಿ ರೋಗಿಯು ಸತತ ಮೂರು ಬಾರಿ ಚಿಕಿತ್ಸೆಯನ್ನು ರೆಫ್ಯೂಸ್ ಮಾಡಿರುವುದು ಆಸ್ಪತ್ರೆಯ ದಾಖಲೆಯಿಂದ ತಿಳಿದುಬಂದಿರುವ ಕಾರಣ, ಸಮಿತಿಯ ನಿಯಮದಂತೆ ಬರುವ ಶುಕ್ರವಾರದಿಂದ ಅವರ ಹೆಸರನ್ನು ತೆಗೆದು, ಪಟ್ಟಿಯಲ್ಲಿ ಮುಂದಿರುವವರಿಗೆ ಆ ಜಾಗ ಕೊಡಲಾಗಿದೆ.

"ಯಾಕೆ ಮೋಳೇ, ಮುಖ ಹೀಗಾಯ್ತು?"

ಹೇಳದೆ ವಿಧಿಯಿರಲಿಲ್ಲ. ಹೇಳಿದಳು.

ವೇಲಾಯುಧನ್ ಕಾಗದವನ್ನು ಅವಳ ಕೈಯಿಂದ ಕಿತ್ತುಕೊಂಡರು. "ನಾನು ಬೇಡ ಅಂದೆನಾ? ಯಾವಾಗ? ಎಡೀ, ಈ ಆಸ್ಪತ್ರೆಯವರು ಕೊಡೋ ಉಪ್ಪಿಲ್ಲದ ಉಪ್ಪಿಟ್ಟನ್ನೂ ನಾನು ಬೇಡ ಅಂದವನಲ್ಲ. ಯಾವ ನಾಯಿಗೆ ಹುಟ್ಟಿದವನು ಬರೆದ ಅದನ್ನ?"

ಬರೆದದ್ದು ಬಿನ್ಸಿ. ಕಳೆದ ತಿಂಗಳು ನೀರು ಶುದ್ಧ ಮಾಡುವ ಯಂತ್ರ ಕೆಟ್ಟು ಕೂತಿತ್ತು. ಬರುತ್ತಿದ್ದ ನೀರು ಮೂರು ಮಂಚಕ್ಕೆ ಮಾತ್ರ ಸಾಕಾಗುತ್ತಿತ್ತು. ಆ ಮೂರು ಮಂಚ ದುಡ್ಡು ಕಟ್ಟುವವರಿಗೆ ಅಂತ ಮೇಲಿನಿಂದ ಹೇಳಿಕಳಿಸಿದ್ದರು. ಉಚಿತ ಪಟ್ಟಿಯ ಮನುಷ್ಯ ಮೊದಲ ಬಸ್ಸಿಗೆ ಬಂದು ಬಾಗಿಲಲ್ಲಿ ನಿಂತಾಗ, "ಚೇಟ್ಟಾ, ನೀರಿಲ್ಲ, ಮುಂದಿನ ಸಲ ಬನ್ನಿ," ಅಂದವಳು ಬಿನ್ಸಿಯೇ. "ಸರಿ ಮೋಳೇ," ಎಂದು ಅವರು ತಿರುಗಿ ಹೋಗಿದ್ದರು. ಹೀಗೆ ಮೂರು ಸಲ. ಮೂರನೆಯ ಸಲ ಕಾಲು ಬಾತು ಚಪ್ಪಲಿ ಹಿಡಿಸದೆ ಅದನ್ನು ಕೈಯಲ್ಲಿ ಹಿಡಿದು ಬಂದಿದ್ದರು, ಉಸಿರು ತಿದಿಯ ಹಾಗೆ ಏರಿಳಿಯುತ್ತಿತ್ತು. ಆಮೇಲೆ ಅಳಿಯನ ಆಟೋದಲ್ಲಿ ಕೋಟ್ಟಯಂಗೆ ಹೋಗಿ ದಿನವಿಡೀ ಕಾದು ಅಲ್ಲೊಂದು ಸರದಿ ಮಾಡಿಸಿಕೊಂಡು ಬದುಕಿದರು. ಬಿನ್ಸಿ ಮೂರು ಸಲವೂ ಚೌಕದಲ್ಲಿ ಆರ್ ಹಾಕಿದ್ದಳು. ಯೋಚಿಸಿ ಹಾಕಿದ್ದಲ್ಲ. ಬಾಗಿಲು ದಾಟುವಾಗ ಶಿಲುಬೆ ಗುರುತು ಮಾಡಿಕೊಳ್ಳುವ ಕೈ ಯೋಚಿಸುತ್ತದೆಯೆ, ಹಾಗೆ.

"ನಾನು ವಿಚಾರಿಸ್ತೀನಿ ಚೇಟ್ಟಾ," ಅಂದಳು. ಬರೆದವಳು ನಾನೇ ಅನ್ನಲಿಲ್ಲ. ಸೂಜಿ ಹಾಕುವಾಗ ಅವರು ಮರದ ಮಾತು ಆಡಲಿಲ್ಲ.

ಆ ಮೂರು ಆರ್ ತಿದ್ದಬೇಕೆಂದು ಬಿನ್ಸಿ ಹೋಗಿ ಕೇಳಿದಾಗ ಮೇರಿಕ್ಕುಟ್ಟಿ ಮೇಡಂ ಕನ್ನಡಕದ ಮೇಲಿನಿಂದ ನೋಡಿದರು. "ತಿದ್ದಬೇಕಾ? ತಪಾಸಣೆಯವರು ಬಂದು ನೋಡಿ ಸಹಿ ಹಾಕಿ ಹೋದ ಹಾಳೆ ಅದು. ಈಗ ತಿದ್ದಿದರೆ ಆಸ್ಪತ್ರೆಯ ಮಾನ ಏನಾಗಬೇಕು?"

"ಆ ಮನುಷ್ಯನ ಪ್ರಾಣ ಏನಾಗಬೇಕು ಮೇಡಂ?"

"ಅವನು ಸರಿ ಅಂತ ತಿರುಗಿ ಹೋದ ಅಂತ ನೀನೇ ಹೇಳ್ತೀಯ. ಜಗಳ ಆಡಿದನಾ? ಇಲ್ಲ. ಇಲ್ಲೇ ಕೂತಿರ್ತೀನಿ ಅಂದನಾ? ಇಲ್ಲ. ಅಂದ ಮೇಲೆ ಬೇಡ ಅಂದ ಹಾಗೇ ಆಯ್ತಲ್ಲ."

ಮರ್ಯಾದೆಯಿಂದ ತಿರುಗಿ ಹೋದದ್ದೇ ಆ ಮುದುಕರ ಅಪರಾಧವಾಯಿತೆ? ಕುರ್ಚಿ ಎತ್ತಿ ಗಾಜಿಗೆ ಬಡಿದಿದ್ದರೆ ಹೆಸರು ಪಟ್ಟಿಯಲ್ಲಿ ಉಳಿಯುತ್ತಿತ್ತೇನೋ, ಅಂದುಕೊಂಡಳು ಬಿನ್ಸಿ.

"ಮತ್ತೆ ನಿನ್ನ ಅನುಭವ ಪತ್ರ ಇಲ್ಲೇ ನನ್ನ ಮೇಜಿನ ಮೇಲಿದೆ," ಎಂದರು ಮೇಡಂ, ಬಹಳ ಮೆತ್ತಗೆ. "ಐರ್ಲೆಂಡಿನ ಆಸ್ಪತ್ರೆಯವರು ಹದಿನೈದನೇ ತಾರೀಕಿನೊಳಗೆ ಕೇಳಿದಾರೆ ಅಲ್ವಾ? ಶನಿವಾರ ಸಹಿ ಮಾಡೋಣ ಅಂತಿದ್ದೆ. ಹೋಗು, ಮನಸ್ಸಿಗೆ ಹಚ್ಚಿಕೊಳ್ಳಬೇಡ. ಒಂದು ಅಕ್ಷರ ಅದು, ಅಷ್ಟೆ."

ಬುಧವಾರ ಸಂಜೆ ಬಿನ್ಸಿಗೆ ಇಂಗ್ಲಿಷ್ ಕ್ಲಾಸು. ಹೊರದೇಶದ ಪರೀಕ್ಷೆಗೆ ಕೂರುವ ನರ್ಸುಗಳಿಗೆ ತಂಗಚ್ಚನ್ ಸಾರ್ ಪಾಠ ಹೇಳುತ್ತಿದ್ದದ್ದು ರಬ್ಬರ್ ಹಾಳೆಯ ವ್ಯಾಪಾರಿಯೊಬ್ಬನ ಅಂಗಡಿಯ ಮಾಳಿಗೆಯಲ್ಲಿ. ಕೆಳಗಿನ ಹಾಳೆಗಳ ಹುಳಿವಾಸನೆ ಮಾಳಿಗೆಯ ಹಲಗೆ ಸಂದಿಯಿಂದ ಬರುತ್ತಿತ್ತು. ಅಲ್ಲಿ ಕಲಿತು ಹೋದವರಿಗೆ ಡಬ್ಲಿನ್‌ನಲ್ಲೂ ಇಂಗ್ಲಿಷ್ ಮಾತಾಡಿದರೆ ಆ ವಾಸನೆ ಬರುತ್ತದೆಂದು ಹುಡುಗಿಯರು ಹೇಳುತ್ತಿದ್ದರು. ಸಾರ್ ಹದಿನೆಂಟು ವರ್ಷ ಇಥಿಯೋಪಿಯಾದಲ್ಲಿ ಮೇಷ್ಟ್ರಾಗಿದ್ದವರು. ಅಂದು ಹಲಗೆಯ ಮೇಲೆ ನಾಲ್ಕು ಪದ ಬರೆದಿದ್ದರು: ರಿಜೆಕ್ಟ್, ಡಿಕ್ಲೈನ್, ರೆಫ್ಯೂಸ್, ಡಿನೈ.

"ನಾಲ್ಕಕ್ಕೂ ನಿಮ್ಮ ಡಿಕ್ಷನರೀಲಿ ಒಂದೇ ಅರ್ಥ ಕೊಟ್ಟಿರ್ತಾನೆ. ಅದನ್ನ ನಂಬಿ ಕೆಟ್ಟವರು ಎಷ್ಟೋ ಜನ," ಎಂದು ಸಾರ್ ಸುರುಮಾಡಿದರು. "ಕೇಳಿ. ಹೆಣ್ಣು ನೋಡೋಕೆ ಹುಡುಗನ ಕಡೆಯವರು ಬಂದರು. ಚಾ ಕುಡಿದರು, ಅಚ್ಚಪ್ಪ ತಿಂದರು, ಹುಡುಗೀನ ಮೇಲಿಂದ ಕೆಳಗೆ ನೋಡಿದರು, ಮನೆಗೆ ಹೋಗಿ ಎತ್ತರ ಸಾಲದು ಅಂದರು. ಇದು ರಿಜೆಕ್ಟ್. ತೂಗಿ ನೋಡಿ ಪಕ್ಕಕ್ಕೆ ಎಸೆಯೋದು. ಇನ್ನೊಂದು ಮನೇಲಿ ಹುಡುಗಿ ಅಪ್ಪ ಕೈಮುಗಿದು, ನಮ್ಮ ಮಗು ಇನ್ನೂ ಓದಬೇಕಂತೆ, ಬೇಜಾರು ಮಾಡ್ಕೋಬೇಡಿ ಅಂದ. ಇದು ಡಿಕ್ಲೈನ್. ಬೆಣ್ಣೆ ಹಚ್ಚಿದ ಬೇಡ. ಮೂರನೇ ಮನೇಲಿ ಹುಡುಗಿ ಕೋಣೆ ಅಗುಳಿ ಹಾಕ್ಕೊಂಡು ಕೂತಳು, ಯಾರು ಕರೆದರೂ ಬರಲಿಲ್ಲ. ಅದು ರೆಫ್ಯೂಸ್. ಕೈಗೆ ಬಂದದ್ದನ್ನ ತಾನೇ ಒಲ್ಲೆ ಅನ್ನೋದು."

"ಡಿನೈ, ಸಾರ್?"

"ಡಿನೈಗೆ ಎರಡು ಮುಖ. ಹುಡುಗ ಕುಡೀತಾನಂತಲ್ಲ ಅಂತ ಕೇಳಿದರೆ ದಲ್ಲಾಳಿ ಇಲ್ಲವೇ ಇಲ್ಲ ಅಂತಾನಲ್ಲ, ಅದೊಂದು. ಆಗಿದ್ದನ್ನ ಆಗಿಲ್ಲ ಅನ್ನೋದು. ಇನ್ನೊಂದು, ಆ ಹುಡುಗಿಗೆ ಅಪ್ಪನ ತೋಟದಲ್ಲಿ ಸಲ್ಲಬೇಕಾದ ಪಾಲನ್ನ ಅಣ್ಣಂದಿರು ಕೊಡದೇ ಇರೋದು. ಅಲ್ಲಿ ಇಲ್ಲ ಅನ್ನೋನು ಕೊಡಬೇಕಾದವನು. ಕೇಳೋಳ ಕೈ ಚಾಚಿಯೇ ಇದೆ."

"ಸಾರ್, ನಾಲ್ಕರಲ್ಲೂ ಚಾಪುಡಿ ಹುಡುಗಿ ಅಪ್ಪಂದೇ," ಅಂದಳು ಹಿಂದಿನ ಬೆಂಚಿನವಳು. ಎಲ್ಲರೂ ನಕ್ಕರು.

ಬಿನ್ಸಿ ಎದ್ದು ನಿಂತಳು. "ಸಾರ್, ಒಂದು ಸಂದೇಹ. ಹುಡುಗಿ ತಟ್ಟೆ ಹಿಡ್ಕೊಂಡು ಬಾಗಿಲ ತನಕ ಬಂದಳು. ಅಪ್ಪನೇ ತಡೆದು, ಇವತ್ತು ಬೇಡ, ಒಳಗೆ ಹೋಗು ಅಂದ. ಅವಳು ಸರಿ ಅಪ್ಪಾ ಅಂತ ಒಳಗೆ ಹೋದಳು. ಆಮೇಲೆ ಊರಿಗೆಲ್ಲ, ಹುಡುಗೀನೇ ಒಲ್ಲೆ ಅಂದಳು ಅಂತ ಸಾರಿದರು. ಅದಕ್ಕೆ ಯಾವ ಪದ?"

ಸಾರ್ ಸುಣ್ಣದ ಕಡ್ಡಿ ಕೆಳಗಿಟ್ಟರು. "ಅದಕ್ಕೆ ಇಂಗ್ಲಿಷ್ ಬೇಕಿಲ್ಲ ಮೋಳೇ. ಅದು ಮೋಸ."

ಕ್ಲಾಸು ಬಿಟ್ಟ ಮೇಲೆ ಅವಳು ಸಮಿತಿಗೆಂದು ಬರೆದ ಪತ್ರವನ್ನು ತಿದ್ದಿಕೊಡಲು ಅವರ ಮುಂದಿಟ್ಟಳು. ಸಾರ್ ಓದಿದರು, ಕೆಂಪು ಪೆನ್ನು ತೆಗೆದರು, ಒಂದು ಸಾಲನ್ನು ಹೊಡೆದುಹಾಕಿ ಮೇಲೆ ಬೇರೆ ಬರೆದರು. 'ಆಸ್ಪತ್ರೆಯು ಇವರಿಗೆ ಚಿಕಿತ್ಸೆಯನ್ನು ಡಿನೈ ಮಾಡಿತು, ನಾನು ತಪ್ಪಾಗಿ ದಾಖಲಿಸಿದೆ' ಎಂದು ಅವಳು ಬರೆದಿದ್ದ ಕಡೆ, 'ಅನಿವಾರ್ಯ ಕಾರಣಗಳಿಂದ ಚಿಕಿತ್ಸೆ ಒದಗಿಸಲಾಗಲಿಲ್ಲ' ಎಂದಾಯಿತು.

"ಇದು ಯಾರು ಮಾಡಿದ್ದು ಸಾರ್?"

"ಯಾವುದು?"

"ಒದಗಿಸಲಾಗಲಿಲ್ಲ ಅಂದರೆ ಯಾರೂ ಏನೂ ಮಾಡಲಿಲ್ಲ, ಅದಾಗೇ ಆಗಿಹೋಯ್ತು ಅಂತ ತಾನೇ? ಮಳೆ ಬಂದ ಹಾಗೆ, ತೆಂಗಿನಕಾಯಿ ಬಿದ್ದ ಹಾಗೆ." ಅವಳ ದನಿ ಏರಿತು. "ಈಗಷ್ಟೇ ಹಲಗೆ ಮೇಲೆ ಒಂದು ಗಂಟೆ ಪಾಠ ಮಾಡಿದಿರಿ. ಇಲ್ಲ ಅಂದವನು ಯಾರು ಅಂತ ನೋಡ್ಕೊಂಡು ಪದ ಹಾಕಿ ಅಂತ. ಕಾಗದಕ್ಕೆ ಬಂದಾಗ ಮಾತ್ರ ಅವನನ್ನ ನೀವೇ ಹಿಂದಿನ ಬಾಗಿಲಿಂದ ಕಳಿಸಿಬಿಡ್ತೀರಲ್ಲ ಸಾರ್."

"ನನ್ನ ಕ್ಲಾಸಿನ ಅರ್ಧ ಮಕ್ಕಳು ಆ ಆಸ್ಪತ್ರೆಯಿಂದ ಬರೋರು ಮೋಳೇ," ಎಂದರು ಸಾರ್. ದನಿ ಸಣ್ಣಗಾಗಿತ್ತು. "ನಿನ್ನ ಕೆಲಸದ ಬಗ್ಗೆನೂ ಯೋಚನೆ ಮಾಡಿದೆ."

"ನನ್ನ ಕೆಲಸದ ಯೋಚನೆ ನನಗಿದೆ. ಐರ್ಲೆಂಡಿಗೆ ಹೋಗ್ತೀನಿ ಅಂತ ಅಮ್ಮ ಬೀದಿಗೆಲ್ಲ ಹೇಳಿಯಾಗಿದೆ. ಪತ್ರದಲ್ಲಿ ಕಾಗುಣಿತ ತಪ್ಪಿದ್ದರೆ ತಿದ್ದಿ ಸಾರ್. ಬೇರೇನೂ ತಿದ್ದಬೇಡಿ."

ಸಾರ್ ಬೇರೊಂದು ಹಾಳೆ ತೆಗೆದು, ಅವಳು ಬರೆದದ್ದನ್ನೇ, ಅವಳ ಮಾತಿನಲ್ಲೇ, ತಮ್ಮ ದುಂಡು ಅಕ್ಷರದಲ್ಲಿ ಪೂರ್ತಿ ನಕಲು ಮಾಡಿ ಕೊಟ್ಟರು.

ಗುರುವಾರ ನಾಲ್ಕು ಗಂಟೆಗೆ ವರ್ತಕರ ಸಭಾಭವನದ ಮಹಡಿಯಲ್ಲಿ ಸಮಿತಿ ಸೇರಿತ್ತು. ಅಧ್ಯಕ್ಷರ ಕುರ್ಚಿಯಲ್ಲಿ ಜವಳಿ ಅಂಗಡಿಯ ಧಣಿ ಔಸೇಪ್ಪಚ್ಚನ್, ಪಕ್ಕದಲ್ಲಿ ಕಾರ್ಯದರ್ಶಿ ಪಿಳ್ಳೆ, ಮುಂದೆ ಪರಿಪ್ಪುವಡೆಯ ತಟ್ಟೆ. ಬಿನ್ಸಿ ಹೇಳಿಕಳಿಸಿದ್ದರಿಂದ ವೇಲಾಯುಧನ್ ಕೂಡ ಬಂದು ಗೋಡೆಯ ಪಕ್ಕದ ಬೆಂಚಿನಲ್ಲಿ ಕೂತಿದ್ದರು.

ಪಿಳ್ಳೆ ಪತ್ರ ಓದಿ ಮುಗಿಸಿ, "ನಿಯಮ ಅಂದರೆ ನಿಯಮ," ಅಂದರು. "ಮೂರು ಸಲ ಬೇಡ ಅಂದವರ ಜಾಗ ಮುಂದಿನವರಿಗೆ. ಆ ಹೆಂಗಸಿಗೆ ತಿಳಿಸಿಯೂ ಆಯ್ತು, ನಾಳೆ ಬರ್ತಾಳೆ. ಆಸ್ಪತ್ರೆ ಒಂದು ಹೇಳುತ್ತೆ, ಒಬ್ಬ ನರ್ಸ್ ಇನ್ನೊಂದು ಹೇಳ್ತಾಳೆ. ನಾವು ಯಾರನ್ನ ನಂಬಬೇಕು?"

"ಆಸ್ಪತ್ರೆ ಅಂದರೆ ಆ ಹಾಳೆ," ಎಂದಳು ಬಿನ್ಸಿ. "ಆ ಹಾಳೇಲಿ ಬರೆದದ್ದು ನಾನು. ಮೂರು ಸಲಾನೂ ನಾನೇ."

ಬೆಂಚಿನ ಕಡೆ ಅವಳು ನೋಡಲಿಲ್ಲ. ಬೆಂಚು ಕಿರುಗುಟ್ಟಿದ್ದು ಮಾತ್ರ ಕೇಳಿಸಿತು.

ಔಸೇಪ್ಪಚ್ಚನ್ ವಡೆ ಕೆಳಗಿಟ್ಟರು. "ನೀನಾ? ಯಾಕೆ ಹಾಗೆ ಬರೆದೆ?"

"ರೂಢಿ."

"ರೂಢಿ ಅಂತ ಬದುಕಿರೋ ಮನುಷ್ಯನ್ನ ಅಳಿಸಿಹಾಕ್ತೀರೇನು ಅಲ್ಲಿ?"

"ಅದಕ್ಕೇ ಬಂದದ್ದು ಮುದಲಾಳಿ. ಬೈರಿ, ಪರವಾಗಿಲ್ಲ. ಬೈದಾದ ಮೇಲೆ ಇದನ್ನೊಂದು ನೋಡಿ." ಆಸ್ಪತ್ರೆಯ ಗೇಟಿನಲ್ಲಿ ಕಾವಲುಗಾರ ಬರೆದಿಡುವ ಪುಸ್ತಕದ ಮೂರು ಪುಟಗಳ ಚಿತ್ರ ಅವಳ ಫೋನಿನಲ್ಲಿತ್ತು. ಮೂರೂ ದಿನ ವೇಲಾಯುಧನ್ ಒಳಗೆ ಬಂದದ್ದು ಆರೂ ನಲವತ್ತಕ್ಕೆ, ಹೊರಗೆ ಹೋದದ್ದು ಏಳೂ ಹತ್ತಕ್ಕೆ. ಮಲಯಾಳಂನಲ್ಲಿ, ಗುಂಡು ಅಕ್ಷರದಲ್ಲಿ, ಯಾರಿಗೂ ಹೆದರದೆ ಬರೆದಿತ್ತು.

ಗೋಡೆಯ ಕಡೆಯಿಂದ ಮುದುಕರ ದನಿ ಬಂತು. "ಬೇಡ ಅನ್ನೋನು ಮೊದಲ ಬಸ್ ಹತ್ತಿ ಹನ್ನೊಂದು ಮೈಲಿ ಯಾಕೆ ಬರ್ತಾನೆ ಮುದಲಾಳಿ? ಮನೇಲೇ ಕಾಲು ಚಾಚಿ ಕೂತು ಬೇಡ ಅನ್ನಬಹುದಿತ್ತಲ್ಲ. ಬಸ್ಸಿನ ನೂಕಾಟನಾದರೂ ತಪ್ಪುತ್ತಿತ್ತು."

ಔಸೇಪ್ಪಚ್ಚನ್ ಅಲ್ಲಿಂದಲೇ ಆಸ್ಪತ್ರೆಯ ಆಡಳಿತಾಧಿಕಾರಿಗೆ ಫೋನು ಮಾಡಿದರು. ಜವಳಿ ಅಂಗಡಿಯವರ ದನಿ ಎಣ್ಣೆಯಂಥದ್ದು. ಅಂದು ಎಣ್ಣೆ ಕಾದಿತ್ತು. "ನೀರಿರಲಿಲ್ಲ ಅಂತ ಒಂದು ಮಾತು ನಮಗೆ ಹೇಳಿದ್ದರೆ ನಿಮ್ಮ ಗಂಟು ಏನು ಹೋಗ್ತಿತ್ತು? ನಾಳೆ ಆ ಹೆಂಗಸೂ ಬರ್ತಾಳೆ, ಈ ಮನುಷ್ಯನೂ ಬರ್ತಾರೆ. ಇಬ್ಬರಿಗೂ ಮಂಚ ಇರಬೇಕು, ಐದನೆಯವರ ಖರ್ಚು ನಿಮ್ಮದು. ಇಲ್ಲಾಂದರೆ ನಮ್ಮವರನ್ನೆಲ್ಲ ಬೇರೆ ಆಸ್ಪತ್ರೆಗೆ ಸೇರಿಸ್ತೀವಿ, ಯಾಕೆ ಸೇರಿಸಿದ್ವಿ ಅಂತ ಪೇಟೆಯಲ್ಲಿ ಬೋರ್ಡ್ ಹಾಕಿ ಹೇಳ್ತೀವಿ." ಆ ಕಡೆಯಿಂದ ಬಹಳ ಹೊತ್ತು ಏನೋ ಸಮಾಧಾನದ ಮಾತು ಬಂತು. ಕೊನೆಗೆ ಔಸೇಪ್ಪಚ್ಚನ್ ಫೋನಿಟ್ಟು, "ಒಪ್ಪಿದರು," ಅಂದರು.

ವೇಲಾಯುಧನ್ ಮೆಟ್ಟಿಲಿಳಿಯುವಾಗ ಬಿನ್ಸಿ ಕೈ ಕೊಡಲು ಹೋದಳು. ಅವರು ಕಟಕಟೆ ಹಿಡಿದು ತಾವೇ ಇಳಿದರು.

ಶುಕ್ರವಾರ ಬೆಳಿಗ್ಗೆ ಬಿನ್ಸಿ ಡ್ಯೂಟಿಗೆ ಹೋದರೆ ಅವಳ ಹೆಸರು ಡಯಾಲಿಸಿಸ್ ಕೋಣೆಯ ಪಟ್ಟಿಯಲ್ಲಿರಲಿಲ್ಲ. ಕೆಳಗೆ ಹೊರರೋಗಿಗಳಿಗೆ ಟೋಕನ್ ಕೊಡುವ ಕಿಟಕಿಗೆ ಹಾಕಿದ್ದರು. ಏಳು ವರ್ಷ ಸೂಜಿ ಹಿಡಿದ ಕೈಗೆ ಟೋಕನ್ ಕಟ್ಟು. ಸಿಟ್ಟಿನಲ್ಲಿ ಇಪ್ಪತ್ತನ್ನು ಹರಿಯುವ ಹೊತ್ತಿಗೆ ಮೇಲಿನಿಂದ ಹೊಸ ನರ್ಸ್ ಅಖಿಲ ಓಡಿಬಂದಳು.

"ಬಿನ್ಸಿ ಚೇಚ್ಚಿ, ಸ್ವಲ್ಪ ಬನ್ನಿ. ಎರಡನೇ ಮಂಚದವರು ಕೈ ಕೊಡ್ತಾ ಇಲ್ಲ."

ವೇಲಾಯುಧನ್ ಮಂಚದ ಮೇಲೆ ನೆಟ್ಟಗೆ ಕೂತಿದ್ದರು. ಎಡಗೈಯನ್ನು ಟವೆಲಿನೊಳಗೆ ಸುತ್ತಿ ಕಂಕುಳಲ್ಲಿ ಸಿಕ್ಕಿಸಿಕೊಂಡಿದ್ದರು, ಕಳ್ಳ ಹಲಸಿನಕಾಯಿ ಬಚ್ಚಿಟ್ಟುಕೊಂಡ ಹಾಗೆ. ಆಚೆ ಮಂಚದಲ್ಲಿ ಹೊಸದಾಗಿ ಬಂದ ಹೆಂಗಸು ಆಗಲೇ ಯಂತ್ರಕ್ಕೆ ಕೈ ಕೊಟ್ಟು ಮಲಗಿ, ಇವರನ್ನೇ ನೋಡುತ್ತಿದ್ದಳು.

"ಸೂಜಿ ಹಾಕೋದು ಬಿನ್ಸಿ," ಎಂದರು. "ಅವಳನ್ನ ಇಲ್ಲಿಂದ ಯಾಕೆ ತೆಗೆದರು ಅಂತ ಮೇಡಂ ಮೊದಲು ಹೇಳಲಿ. ಇಲ್ಲಾಂದರೆ ನನಗೆ ಬೇಡ."

ಬಿನ್ಸಿಗೆ ಆ ವಾರದ ಸಿಟ್ಟೆಲ್ಲ ಒಟ್ಟಿಗೆ ಬಂತು.

"ಏನಂದಿರಿ? ಇನ್ನೊಂದು ಸಲ ಹೇಳಿ ನೋಡೋಣ. ನಿನ್ನೆ ಅಷ್ಟು ಜನರ ಮುಂದೆ ನಿಂತು, ಈ ಮನುಷ್ಯ ಯಾವತ್ತೂ ಬೇಡ ಅಂದಿಲ್ಲ ಅಂತ ಹೇಳಿ ಬಂದವಳು ನಾನು. ಈ ಹುಡುಗಿ ಕೈಯಲ್ಲಿ ಪೆನ್ನಿದೆ, ಕಾಣುತ್ತಾ? ನೀವು ಹೀಗೇ ಕೂತರೆ ಅವಳು ಆರ್ ಹಾಕ್ತಾಳೆ. ಹಾಕಲೇಬೇಕು. ಇವತ್ತು ಅದು ಸುಳ್ಳೂ ಅಲ್ಲ. ಆಮೇಲೆ ಯಾವ ಮುಖ ಇಟ್ಕೊಂಡು ಯಾರ ಹತ್ತಿರ ಹೋಗಲಿ ನಾನು? ಕೈ ಹೊರಗೆ ತೆಗೀರಿ."

"ನಿನಗೆ ಅನ್ಯಾಯ ಆಗಿದೆ ಎಡೀ."

"ಅದು ನನ್ನ ಜಗಳ, ನಾನು ಆಡ್ಕೋತೀನಿ. ನಿಮ್ಮ ರಕ್ತದಲ್ಲಿ ಆಡಬೇಡಿ."

ಅವರು ತಲೆ ತಗ್ಗಿಸಿದರು. ಟವೆಲಿಗೇ ಹೇಳುವವರ ಹಾಗೆ ಹೇಳಿದರು: "ನೀನು ಬರೆದದ್ದಕ್ಕೆ ನನಗೆ ಸಿಟ್ಟಿದೆ ಮೋಳೇ. ಬೇರೆ ಯಾರಾದರೂ ಆಗಿದ್ದರೆ ಇಷ್ಟು ಇರ್ತಿರಲಿಲ್ಲ."

"ಇರಲಿ, ಇಟ್ಕೊಳ್ಳಿ," ಅಂದಳು ಬಿನ್ಸಿ. "ನಾಲ್ಕು ಗಂಟೆ ಮಲಗಿರ್ತೀರಲ್ಲ, ನನ್ನನ್ನ ಬೈಕೊಂಡೇ ಮಲಗಿರಿ. ಅಖಿಲಾ, ಆ ಉಬ್ಬಿದ ನರಕ್ಕಿಂತ ಎರಡು ಬೆರಳು ಮೇಲೆ ಹಾಕು. ಕೆಳಗೆ ಹಾಕಿದರೆ ನೋವಾಗುತ್ತೆ ಅವರಿಗೆ."

ಕೈ ಟವೆಲಿನಿಂದ ಹೊರಗೆ ಬಂತು. ಅಖಿಲ ಸೂಜಿ ಹಾಕಿದಳು. ಕೊಳವೆ ಕೆಂಪಾಯಿತು, ಯಂತ್ರ ತಿರುಗತೊಡಗಿತು. ಹುಡುಗಿ ಚೌಕದಲ್ಲಿ ಗೀಟು ಎಳೆಯುವ ತನಕ ಬಿನ್ಸಿ ಅಲ್ಲೇ ನಿಂತು ನೋಡಿದಳು.

ಕೆಳಗೆ ಟೋಕನ್ ಕಿಟಕಿಯ ಮುಂದೆ ಸಾಲು ಬಾಗಿಲು ದಾಟಿತ್ತು. ಬಿನ್ಸಿ ಆ ಕಡೆ ತಿರುಗಲಿಲ್ಲ. ನೇರ ಮೇರಿಕ್ಕುಟ್ಟಿ ಮೇಡಂ ಅವರ ಕೋಣೆಗೆ ಹೋಗಿ, ಕರೆಯುವುದಕ್ಕೂ ಕಾಯದೆ ಮೇಜಿನ ಮುಂದೆ ನಿಂತಳು.

"ನನ್ನ ಅನುಭವ ಪತ್ರ, ಮೇಡಂ."

"ಈಗ ಪುರುಸೊತ್ತಿಲ್ಲ ಬಿನ್ಸಿ. ನೋಡೋಣ, ಮುಂದಿನ ವಾರ."

ಬಿನ್ಸಿ ಮೇಜಿನ ಮೇಲಿದ್ದ ಬಿಳಿಹಾಳೆಯೊಂದನ್ನು ಎಳೆದು ಅವರ ಮುಂದಿಟ್ಟಳು, ಪಕ್ಕದಲ್ಲಿ ತನ್ನ ಪೆನ್ನಿಟ್ಟಳು.

"ಕೊಡೋದಿಲ್ಲ ಅನ್ನೋದಾದರೆ ಕೊಡೋದಿಲ್ಲ ಅಂತಲೇ ಬರೆಯಿರಿ. ಕೆಳಗೆ ನಿಮ್ಮ ಹೆಸರು ಹಾಕಿ. ಬರೆದು ಮುಗಿಸೋ ತನಕ ನಾನು ಇಲ್ಲೇ ನಿಂತಿರ್ತೀನಿ. ಸರಿ ಅಂತ ತಿರುಗಿ ಹೋಗೋದಿಲ್ಲ."